ಒಡೆಯಲಾಗದ ಚೂರು

ಕಾಪು
18 ಜುಲೈ 1974

ಅಸ್ಸಲಾಮು ಅಲೈಕುಂ.

ನಿಮ್ಮ ಕಾಗದ ಮೊನ್ನೆ ಕೈಸೇರಿತು. ಹಡಗಿನಲ್ಲಿ ನಿಮಗೆ ವಾಂತಿಯಾಗಿ ಸುಸ್ತಾದ ಸಂಗತಿ ಓದಿ ಹೇಳಿದ ಮೇಲೆ ನಿಮ್ಮ ಉಮ್ಮ ಅಂದು ಮಧ್ಯಾಹ್ನ ಊಟ ಬಿಟ್ಟರು. ಈಗ ದುಬೈಯ ನೀರು ಹಿಡಿಸಿದೆ ಅಲ್ವಾ?

ನಿಮಗೆ ಬರೆಯಲು ಕುಳಿತರೆ ಶಾಲೆಗೆ ರಜಾ ಅರ್ಜಿ ಬರೆಯುವ ಹಾಗಾಗುತ್ತದೆ. ನಾವು ಮಾತಾಡಿದ್ದೆಲ್ಲ ಬ್ಯಾರಿಯಲ್ಲಿ, ಬರೆಯುವುದು ಮಾತ್ರ ಕನ್ನಡದಲ್ಲಿ. ಅದೂ ಅಲ್ಲದೆ ಮದುವೆಯಾದ ಮೇಲೆ ನೀವು ಇಲ್ಲಿದ್ದದ್ದು ಒಂದೂವರೆ ತಿಂಗಳು. ಅದರಲ್ಲಿ ಅರ್ಧ ನೆಂಟರ ಮನೆಯ ಊಟಕ್ಕೆ ಹೋಯಿತು. ನಿಮಗೆ ಬೇಗ ಕೋಪ ಬರುತ್ತದೋ ಇಲ್ಲವೋ ಎಂಬುದೂ ನನಗೆ ತಿಳಿಯದು. ಆದರೂ ಒಂದು ಮಾತು ಕೇಳುತ್ತೇನೆ.

ಉಚ್ಚಿಲದಲ್ಲಿ ನನ್ನ ತಂದೆ ಹಕೀಂ ಮಾಸ್ಟ್ರು ಊರ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು, ಮನೆಯಲ್ಲಿ ನನಗೆ ಅರಬಿ ಕಲಿಸುತ್ತಿದ್ದರು. ಅವರ ಹತ್ತಿರ ಹಳೆಯ ಅರಬಿ ಪುಸ್ತಕವೊಂದು ಇತ್ತು. ಲೋಕದ ಎಲ್ಲ ವಸ್ತುಗಳನ್ನೂ ಒಡೆಯುತ್ತ ಹೋದರೆ ಕೊನೆಗೆ ಒಡೆಯಲಾಗದ ಒಂದು ಚೂರು ಉಳಿಯುತ್ತದೆ, ದೇವರು ಅದನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಉಂಟುಮಾಡುತ್ತಾನೆ ಎಂದು ಸಾವಿರ ವರ್ಷದ ಹಿಂದೆ ಇರಾಕಿನ ಬಸ್ರಾ ಪಟ್ಟಣದ ವಿದ್ವಾಂಸರು ವಾದಿಸಿದ್ದನ್ನು ಅದರಲ್ಲಿ ಓದಿದ್ದೆ. ಆಮೇಲೆ ಉಡುಪಿಯ ಕಾಲೇಜಿನಲ್ಲಿ ಐರಿನ್ ಟೀಚರ್ ಫಿಸಿಕ್ಸಿನ ತರಗತಿಯಲ್ಲಿ, "ಅಣುವಿನ ಯೋಚನೆ ಗ್ರೀಕರಿಗೂ ಬಂದಿತ್ತು, ನಮ್ಮ ವೈಶೇಷಿಕರಿಗೂ ಜೈನರಿಗೂ ಬಂದಿತ್ತು" ಎಂದರು. ನಾನು ಎದ್ದು ನಿಂತು, "ಬಸ್ರಾದವರಿಗೂ ಬಂದಿತ್ತು ಟೀಚರ್. ಯಾರಿಂದ ಯಾರಿಗೆ ಹೋಯಿತು?" ಎಂದು ಕೇಳಿದೆ. ಅವರು ಸೀಮೆಸುಣ್ಣ ಕೆಳಗಿಟ್ಟು, "ನನಗೆ ಗೊತ್ತಿಲ್ಲ ಮಾರಾಯ್ತಿ. ನಿನಗೆ ಅರಬಿ ಬರುತ್ತದೆ. ಸಂಸ್ಕೃತ ಕಲಿತು ನೀನೇ ಹುಡುಕಿ ಹೇಳು" ಎಂದರು.

ಅಂದಿನಿಂದ ಆ ಪ್ರಶ್ನೆ ಕಾಲಿಗೆ ಹೊಕ್ಕ ಮುಳ್ಳಿನ ಹಾಗೆ ಉಂಟು. ನಾನು ಸಂಸ್ಕೃತ ಕಲಿಯಬಹುದೇ?

ಮುನೀರಾ


ದೇರಾ, ದುಬೈ
9 ಆಗಸ್ಟ್ 1974

ಪ್ರೀತಿಯ ಮುನೀರಾ,

ವಅಲೈಕುಂ ಸಲಾಂ. ನನಗೆ ಬೇಗ ಕೋಪ ಬರುವುದಿಲ್ಲ. ಬಂದರೆ ಮಾತು ಬಿಡುತ್ತೇನೆ, ಅಷ್ಟೇ. ಉಮ್ಮನನ್ನು ಕೇಳಿದರೆ ಹೇಳುತ್ತಾರೆ.

ಇಲ್ಲಿ ಬಟ್ಟೆಯಂಗಡಿಯಲ್ಲಿ ನನಗೆ ಬಟ್ಟೆಯ ಸುತ್ತು, ಥಾನು ಬಿಚ್ಚುವುದು, ಮಡಚುವುದು, ಪುನಃ ಬಿಚ್ಚುವುದು. ರೂಮಿನಲ್ಲಿ ನಾನು, ಮಲ್ಪೆಯ ಉಸ್ಮಾನ್, ಇನ್ನೂ ನಾಲ್ಕು ಜನ. ಸೆಕೆ ಎಂದರೆ ನಮ್ಮ ಮೇ ತಿಂಗಳು ಇದರ ಎದುರು ಚಳಿಗಾಲ.

ನಿನ್ನ ಕಾಗದ ಎರಡು ಸಲ ಓದಿದೆ. ನನಗೆ ಅರ್ಥವಾದದ್ದು ಇಷ್ಟು: ನಿನಗೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ. ಹೊಸ ಮನೆ, ಗಂಡ ಊರಲ್ಲಿಲ್ಲ, ಬೇಜಾರು ಆಗುವುದು ಸಹಜ. ಉಸ್ಮಾನನ ಚಿಕ್ಕಪ್ಪ ಊರಿಗೆ ಬರುವಾಗ ಒಂದು ಟ್ರಾನ್ಸಿಸ್ಟರ್ ಕಳುಹಿಸುತ್ತೇನೆ, ನಿನ್ನ ಮತ್ತು ಉಮ್ಮನ ಬಟ್ಟೆಯೂ ಉಂಟು. ಸಂಸ್ಕೃತ ಎಂತಕ್ಕೆ? ಆದರೂ ಆಸೆ ಇದ್ದರೆ ಕಲಿ, ಉಮ್ಮ ಒಪ್ಪಬೇಕು ಅಷ್ಟೇ. ಹೇಗೂ ಎರಡು ವರ್ಷದ ಒಳಗೆ ಇಲ್ಲಿ ಸಣ್ಣದೊಂದು ಮನೆ ಮಾಡಿ ನಿನ್ನನ್ನು ಕರೆಸಿಕೊಳ್ಳುತ್ತೇನೆ. ಆಮೇಲೆ ಬೇಜಾರು ಎಂಬ ಮಾತೇ ಇರುವುದಿಲ್ಲ.

ಜಲಾಲ್


ಕಾಪು
3 ಮಾರ್ಚ್ 1975

ಜಲಾಲನಿಗೆ ಉಮ್ಮ ಹೇಳಿ ಬರೆಸುವುದು.

(ಉಮ್ಮ ಎದುರಿಗೇ ಕುಳಿತಿದ್ದಾರೆ. ಹೇಳಿದ್ದರಲ್ಲಿ ಒಂದು ಮಾತನ್ನೂ ಬಿಡಬಾರದು ಎಂದಿದ್ದಾರೆ. ಬಿಟ್ಟರೆ ಪೋಸ್ಟ್‌ಮ್ಯಾನ್ ಶೇಖರನಿಂದ ಓದಿಸಿ ಪರೀಕ್ಷೆ ಮಾಡುತ್ತಾರಂತೆ. - ಮು.)

ಮಗನೇ, ನಿನ್ನ ಹೆಂಡತಿಯ ಮೇಲೆ ನನಗೆ ದೂರು ಉಂಟು. ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಉಡುಪಿಗೆ ಹೋಗುತ್ತಾಳೆ. ಕೃಷ್ಣ ಕೆದಿಲಾಯರು ಅಂತ ಒಬ್ಬರು ಮುದುಕರು, ಅವರ ಚಾವಡಿಯಲ್ಲಿ ಕೂತು ರಾಮಃ ರಾಮೌ ಹೇಳುತ್ತಾಳೆ. ಮನೆಗೆ ಬಂದು ಬಂಗುಡೆ ಕೊಯ್ಯುವಾಗಲೂ ಅದೇ. ಮೀನಿಗೆ ಸಂಸ್ಕೃತ ಬರುತ್ತದಾ?

ಊರಲ್ಲಿ ಜನ ಬಾಯಿಗೆ ಬಂದದ್ದು ಮಾತಾಡುತ್ತಾರೆ. ನಮ್ಮವರು, "ಸೊಸೆಯನ್ನು ಎಂತಕ್ಕೆ ಅಲ್ಲಿಗೆ ಬಿಟ್ಟದ್ದು?" ಅಂತ ನನ್ನನ್ನು ಕೇಳಿದರು. ಆ ಮುದುಕರ ಕಡೆಯವರು, "ಬ್ಯಾರಿ ಹೆಂಗಸಿಗೆ ಎಂತಕ್ಕೆ ಹೇಳಿಕೊಡುವುದು?" ಅಂತ ಕೆದಿಲಾಯರನ್ನು ಕೇಳಿದರಂತೆ. ಅದಕ್ಕೆ ಅವರು, "ಒಂದು ಸಲ ಹೇಳಿದ್ದು ಅವಳಿಗೆ ಬಾಯಿಪಾಠ ಬರುತ್ತದೆ. ನಿಮ್ಮ ಮಕ್ಕಳಿಗೆ ಬರುತ್ತದಾ?" ಅಂದರಂತೆ. ಹಾಗಾದರೆ ನಾನು ಎಂತ ಹೇಳಬೇಕಿತ್ತು? "ಆ ಮುದುಕರಿಗಿಂತ ನಾನು ಕಡಿಮೆಯಾ?" ಅಂತ ಹೇಳಿ ನಮ್ಮವರನ್ನು ವಾಪಸು ಕಳಿಸಿದೆ.

ಇನ್ನೊಂದು ವಿಷಯ. ಇವಳು ನಿನ್ನಿಂದ ಮುಚ್ಚಿಟ್ಟಿದ್ದಾಳೆ. ಬರಿಯ ಸಂಸ್ಕೃತ ಅಲ್ಲ, ತತ್ತ್ವಶಾಸ್ತ್ರದಲ್ಲಿ ಎಂ.ಎ. ಪರೀಕ್ಷೆಗೂ ಮನೆಯಿಂದಲೇ ಕಟ್ಟಿದ್ದಾಳೆ. ಬರೆ, ಬರೆ, ಯಾಕೆ ನಿಲ್ಲಿಸಿದೆ?

(ಬರೆದಿದ್ದೇನೆ. ನಿಮಗೆ ನಾನೇ ಹೇಳಬೇಕೆಂದಿದ್ದೆ, ಧೈರ್ಯ ಬರಲಿಲ್ಲ. - ಮು.)

ಬೆಳಿಗ್ಗೆ ಬಸ್ಸಿಗೆ ತಡವಾಗುತ್ತದೆ ಅಂತ ರೊಟ್ಟಿ ತಟ್ಟುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಇಷ್ಟೆಲ್ಲ ಮಾಡಿ ಅವಳು ಫೇಲಾದರೆ ನನಗೆ ಊರಲ್ಲಿ ತಲೆ ಎತ್ತಲಿಕ್ಕುಂಟಾ? ಆದ್ದರಿಂದ ನೀನು ಅವಳಿಗೆ ಗಟ್ಟಿಯಾಗಿ ಒಂದು ಕಾಗದ ಬರೆ, ಸರಿಯಾಗಿ ಓದಲಿಕ್ಕೆ.

ನಿನ್ನ ಉಮ್ಮ


ಕಾಪು
20 ಆಗಸ್ಟ್ 1977

ಅಸ್ಸಲಾಮು ಅಲೈಕುಂ.

ಮೊದಲು ಸಂತೋಷದ ಸುದ್ದಿ. ಎಂ.ಎ. ಫಲಿತಾಂಶ ಬಂದಿದೆ. ಪ್ರಥಮ ದರ್ಜೆ, ಎರಡನೆಯ ರ‍್ಯಾಂಕು. ಮಗಳು ಆಸ್ಯಾಳಿಗೆ ಎರಡು ತಿಂಗಳಾಗಿದ್ದಾಗ ಬರೆದ ಪರೀಕ್ಷೆ. ಪರೀಕ್ಷೆಯ ಹಾಲಿನ ಹೊರಗೆ ಉಮ್ಮ ಮಗುವನ್ನು ಎತ್ತಿಕೊಂಡು ಕುಳಿತಿದ್ದರು. ಒಳಗೆ ಅದರ ಅಳು ಕೇಳಿದಾಗಲೆಲ್ಲ ನನ್ನ ಪೆನ್ನು ನಿಲ್ಲುತ್ತಿತ್ತು. ಸುದ್ದಿ ತಿಳಿದು ಐರಿನ್ ಟೀಚರ್ ಕಾರ್ಕಳದಿಂದ ಬಂದು ಹೋದರು. ಪಿಎಚ್.ಡಿ.ಗೆ ಅರ್ಜಿ ಹಾಕಲೇಬೇಕೆಂದು ಕುಳಿತಲ್ಲೇ ಬಿಳಿ ಹಾಳೆ ಹೊರತೆಗೆದರು. ಮಣಿಪಾಲದ ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕಿಯ ಕೆಲಸವೂ ಸಿಗುವ ಹಾಗುಂಟು.

ಈಗ ಇನ್ನೊಂದು. ಹೋದ ವರ್ಷ ನೀವು ರಜೆಗೆ ಬಂದು ಹೋದ ಮೇಲೆ ನಿಮ್ಮ ಕಾಗದಗಳು ಗಿಡ್ಡವಾಗಿವೆ. ಮೊದಲೆಲ್ಲ, ದೇರಾದಲ್ಲಿ ಮನೆ ಮಾಡುತ್ತೇನೆ, ಕರೆಸಿಕೊಳ್ಳುತ್ತೇನೆ ಎಂದು ಪ್ರತಿ ಸಲ ಬರೆಯುತ್ತಿದ್ದಿರಿ. ಈಗ ಆ ಮಾತೇ ಇಲ್ಲ. ಜನ ನನ್ನನ್ನು ಕೇಳುತ್ತಾರೆ. ನಾನು ನಿಮ್ಮನ್ನು ಕೇಳುವುದಿಲ್ಲ. ನನ್ನ ಓದಿನಿಂದ ನಿಮಗೆ ಮನಸ್ಸು ಕಹಿಯಾಗಿದ್ದರೆ ಹಾಗೆಯೇ ಬರೆದುಬಿಡಿ. ಕಹಿಯನ್ನು ಅರ್ಥ ಮಾಡಿಕೊಳ್ಳಬಲ್ಲೆ, ಗಿಡ್ಡ ಕಾಗದವನ್ನಲ್ಲ.

ಮುನೀರಾ


ದೇರಾ, ದುಬೈ
14 ಸೆಪ್ಟೆಂಬರ್ 1977

ಮುನೀರಾ,

ರ‍್ಯಾಂಕಿನ ಸುದ್ದಿ ಓದಿ ರೂಮಿನಲ್ಲಿ ಎಲ್ಲರಿಗೂ ಬಿರಿಯಾನಿ ಕೊಡಿಸಿದೆ. ಉಸ್ಮಾನ್ ಎರಡು ತಟ್ಟೆ ತಿಂದ.

ಕಹಿ ಎಂತದೂ ಇಲ್ಲ. ಇಲ್ಲಿ ಮನೆ ಬಾಡಿಗೆ ಜಾಸ್ತಿ, ಸದ್ಯಕ್ಕೆ ಆಗುವ ಹಾಗಿಲ್ಲ. ಪಿಎಚ್.ಡಿ.ಗೆ ಅರ್ಜಿ ಹಾಕು. ಮಗುವಿನ ಫೋಟೋ ಕಳುಹಿಸು.

ಜಲಾಲ್


ಕಾಪು
11 ಫೆಬ್ರವರಿ 1979

ಜಲಾಲರಿಗೆ,

ಇವತ್ತು ಹೆಸರು ಹಿಡಿದೇ ಬರೆಯುತ್ತಿದ್ದೇನೆ. ಸಿಟ್ಟು ಬಂದಿದೆ.

ನಿನ್ನೆ ಉಸ್ಮಾನ್ ರಜೆಯಲ್ಲಿ ಬಂದವರು ಆಸ್ಯಾಳಿಗೆ ನೀವು ಕಳುಹಿಸಿದ ಫ್ರಾಕು ಕೊಡಲು ಮನೆಗೆ ಬಂದರು. ಚಹಾ ಕುಡಿಯುವಾಗ ಉಮ್ಮ ಸುಮ್ಮನೆ ಕೇಳಿದರು: "ಇಷ್ಟು ವರ್ಷ ಆಯಿತು, ನನ್ನ ಮಗನಿಗೆ ಅಲ್ಲಿ ಒಂದು ಮನೆ ಸಿಗಲಿಲ್ಲವಾ?"

"ಸಿಗದೆ ಎಂತ ಉಮ್ಮ?" ಎಂದರು ಉಸ್ಮಾನ್. "ಎಪ್ಪತ್ತಾರರಲ್ಲೇ ಎರಡು ಕೋಣೆಯ ಮನೆ ಸಿಕ್ಕಿತ್ತು, ಫ್ಯಾಮಿಲಿ ವೀಸಾ ಕೂಡ ಆಗಿತ್ತು. ಜಲಾಲನೇ ಬೇಡ ಅಂದ. ಆ ಮನೆಗೆ ಕುಂದಾಪುರದವರು ಬಂದರು."

ನಾನು ಚಹಾ ಕೆಳಗಿಟ್ಟು ಎದ್ದು ಒಳಗೆ ಹೋದೆ. ಉಸ್ಮಾನರಿಗೆ ತಾನು ಹೇಳಬಾರದ್ದು ಹೇಳಿದೆ ಎಂದು ಆಗಲೇ ತಿಳಿದದ್ದು.

ಎರಡೂವರೆ ವರ್ಷ ನಾನು ಏನೆಲ್ಲ ಎಣಿಸಿಕೊಂಡೆ ಗೊತ್ತುಂಟೇ? ನಿಮಗೆ ನಾನು ಬೇಡವಾಗಿದ್ದೇನೆ ಎಂದುಕೊಂಡೆ. ಅಲ್ಲಿ ಬೇರೆ ಸಂಸಾರ ಇರಬಹುದೇ ಎಂದೂ ಒಂದು ದಿನ ಯೋಚಿಸಿದೆ. ಸಂಶೋಧನೆಯ ಹಾಳೆಗಳನ್ನು ಮಡಚಿಟ್ಟು ಒಂದು ವಾರ ಮುಟ್ಟದೆ ಇದ್ದದ್ದೂ ಉಂಟು. ಬಾಡಿಗೆ ಜಾಸ್ತಿ ಎಂದು ಬರೆದಿರಿ. ನನ್ನ ಓದಿಗೋಸ್ಕರ ಹೀಗೆ ಮಾಡಿದ್ದರೆ, ನನ್ನನ್ನು ಕೇಳಿ ಮಾಡಬೇಕಿತ್ತು. ನಾನು ಬರುತ್ತಿದ್ದೆನೋ ಇಲ್ಲವೋ, ಅದನ್ನು ಹೇಳಬೇಕಾದವಳು ನಾನು.

ಮುನೀರಾ


ದೇರಾ, ದುಬೈ
6 ಮಾರ್ಚ್ 1979

ಮುನೀರಾ,

ಉಸ್ಮಾನ್ ವಾಪಸು ಬಂದು ನನ್ನ ಕಾಲು ಹಿಡಿಯುವುದೊಂದು ಬಾಕಿ. ಅವನದ್ದು ತಪ್ಪಿಲ್ಲ.

ಹೇಗೆ ಬರೆಯುವುದೆಂದು ತಿಳಿಯದೆ ಮೂರು ಏರೋಗ್ರಾಮ್ ಹಾಳು ಮಾಡಿದೆ. ಎಪ್ಪತ್ತಾರರ ರಜೆಯಲ್ಲಿ ಒಂದು ದಿನ ನಿನ್ನನ್ನು ಕರೆದುಕೊಂಡು ಬರಲು ನಾನು ಕೆದಿಲಾಯರ ಮನೆಗೆ ಬಂದಿದ್ದೆ, ನೆನಪುಂಟಾ? ನೀನು ನನ್ನನ್ನು ನೋಡಿದ್ದು ಆಮೇಲೆ. ಅದಕ್ಕೆ ಮೊದಲು ತುಂಬ ಹೊತ್ತು ನಾನು ತೆಂಗಿನಮರದ ಹತ್ತಿರ ನಿಂತಿದ್ದೆ. ನೀನೂ ಅವರೂ ಯಾವುದೋ ಒಂದು ಸಾಲಿನ ಮೇಲೆ ಜಗಳ ಮಾಡುತ್ತಿದ್ದಿರಿ. ಅವರು ಒಂದು ಹೇಳಿದರೆ ನೀನು ಪುಸ್ತಕದ ಪುಟ ತಿರುವಿ ಇನ್ನೊಂದು ತೋರಿಸುತ್ತಿದ್ದೆ. ಕೊನೆಗೆ ಆ ಮುದುಕರು ಮೊಣಕಾಲು ತಟ್ಟಿಕೊಂಡು ನಕ್ಕು, "ಸರಿ ಮಗಾ, ಇವತ್ತು ನೀನು ಗೆದ್ದೆ" ಎಂದರು.

ಆಗ ನಿನ್ನ ಮುಖ ನೋಡಿದೆ. ಮದುವೆಯ ದಿನ ಕೂಡ ನೀನು ಹಾಗೆ ಇರಲಿಲ್ಲ. ವಾಪಸು ಬಂದ ಮೇಲೆ ವೀಸಾ ಕೈಗೆ ಸಿಕ್ಕಿತು. ದೇರಾದ ಆ ಎರಡು ಕೋಣೆಗಳನ್ನು ನೋಡಿ ಬಂದೆ. ಒಂದು ಕಿಟಕಿ, ಅದರ ಎದುರು ಗೋಡೆ. ಆ ಮುಖವನ್ನು ಇಲ್ಲಿ ಎಲ್ಲಿ ಇಡುವುದು ಎಂದು ತೋಚಲಿಲ್ಲ. ಕೇಳಿದ್ದರೆ ನೀನು ಬರುತ್ತೇನೆ ಎನ್ನುತ್ತಿದ್ದೆ. ಬರಬೇಕೆಂಬ ಆಸೆಯಿಂದ ಅಲ್ಲ, ಬಾರದಿದ್ದರೆ ತಪ್ಪಾಗುತ್ತದೆ ಎಂದು. ಅದಕ್ಕೆ ಕೇಳಲಿಲ್ಲ.

ನೀನು ಬರೆದದ್ದೂ ಸರಿ. ಹೇಳಬೇಕಾದವಳು ನೀನೇ.

ಜಲಾಲ್


ಕಾಪು
2 ಮೇ 1979

ಪ್ರೀತಿಯ ನಿಮಗೆ,

ನಿಮ್ಮ ಕಾಗದಕ್ಕೆ ತಕ್ಷಣ ಉತ್ತರ ಬರೆಯಲಾಗಲಿಲ್ಲ. ಸಿಟ್ಟು ಇಳಿಯಲು ಇಷ್ಟು ದಿನ ಬೇಕಾಯಿತು. ಇಳಿದ ಮೇಲೆ ಅದರ ಜಾಗದಲ್ಲಿ ಬಂದದ್ದನ್ನು ಬರೆಯಲು ನನಗೆ ನಾಚಿಕೆ.

ಇನ್ನು ಮುಂದೆ ನಮ್ಮಲ್ಲಿ ಒಂದು ಕರಾರು ಇರಲಿ. ಇಬ್ಬರಿಗೆ ಸಂಬಂಧಪಟ್ಟದ್ದನ್ನು ಇಬ್ಬರೂ ಕೇಳಿಕೊಂಡೇ ಮಾಡಬೇಕು, ಏನನ್ನೂ ಮುಚ್ಚಿಡಬಾರದು. ಒಪ್ಪಿಗೆಯೇ?

ಮುನೀರಾ


ಕಾಪು
23 ಜೂನ್ 1982

ಪ್ರೀತಿಯ ನಿಮಗೆ,

ಈ ಕಾಗದದಲ್ಲಿ ಒಳ್ಳೆಯ ಸುದ್ದಿ ಇಲ್ಲ. ಮುಚ್ಚಿಡುವುದಿಲ್ಲ ಎಂಬ ಕರಾರಿನಂತೆ ಬರೆಯುತ್ತೇನೆ.

ಪ್ರಬಂಧ ಮುಗಿದಿದೆ. ನಾಲ್ಕು ವರ್ಷ ವಾರವಿಡೀ ಮಣಿಪಾಲದಲ್ಲಿ ಪಾಠ ಮಾಡಿದೆ. ಭಾನುವಾರ ಬೆಳಿಗ್ಗೆ ಕಾರ್ಕಳದಲ್ಲಿ ನೇಮಿರಾಜ ಇಂದ್ರರ ಹತ್ತಿರ ಜೈನ ಗ್ರಂಥಗಳನ್ನು ಓದಿದೆ. ಮಧ್ಯಾಹ್ನ ಅಲ್ಲೇ ಅತ್ತೂರಿನ ಐರಿನ್ ಟೀಚರ ಮನೆಯಲ್ಲಿ ಅವರ ಟೈಪ್‌ರೈಟರಿನಲ್ಲಿ ಕುಟ್ಟಿದೆ. ನಾನು ಕಂಡುಕೊಂಡದ್ದು ಇದು. ವೈಶೇಷಿಕರ ಅಣು ಎಂದೆಂದಿಗೂ ಇರುವಂಥದ್ದು, ಅದರಲ್ಲಿ ನಾಲ್ಕು ಜಾತಿ. ಜೈನರದು ಒಂದೇ ಜಾತಿ. ಒಂದರಲ್ಲಿ ಜಿಗುಟು, ಒಂದರಲ್ಲಿ ಒರಟು ಇರುವುದರಿಂದ ಎರಡು ಸೇರುತ್ತವೆ. ಬಸ್ರಾದವರದು ತಾನಾಗಿ ಉಳಿಯುವುದೇ ಇಲ್ಲ, ದೇವರು ಕ್ಷಣಕ್ಷಣಕ್ಕೂ ಉಳಿಸಬೇಕು. ಹೊರಗಿನಿಂದ ಮೂರೂ ಒಂದೇ ಎಂದು ಕಾಣುತ್ತವೆ, ಒಳಗೆ ಹೊಕ್ಕರೆ ಮೂರೂ ಬೇರೆ. ಆ ಕಾಲದ ಬಸ್ರಾದಲ್ಲಿ ನಮ್ಮ ದೇಶದ ವಾದಿಗಳು ಇದ್ದರು ಎಂಬುದಕ್ಕೆ ಅರಬಿ ಪುಸ್ತಕಗಳಲ್ಲಿ ಆಧಾರ ಉಂಟು. ಆದರೆ ಅವರು ಅಣುವಿನ ವಿಷಯ ಮಾತಾಡಿದರು ಎಂಬುದಕ್ಕೆ ಒಂದು ಸಾಲೂ ಸಿಕ್ಕಲಿಲ್ಲ. ಸಿಕ್ಕಿಲ್ಲ ಎಂದೇ ಬರೆದೆ.

ಗೈಡ್ ಪ್ರೊಫೆಸರರಿಗೆ ಅದು ಆಗಲಿಲ್ಲ. "ಅರಬರು ಇದನ್ನು ನಮ್ಮಿಂದಲೇ ತೆಗೆದುಕೊಂಡರು ಎಂದು ಬರೆಯಿರಿ. ಇಷ್ಟು ಹತ್ತಿರ ಬಂದು ನಿಲ್ಲುವುದೆಂದರೆ ಏನರ್ಥ?" ಎಂದರು.

"ಆಧಾರ ಇಲ್ಲ ಸಾರ್."

"ಆಧಾರ ಇಲ್ಲದಿದ್ದರೆ ಊಹೆ ಮಾಡಬೇಕು. ಒಬ್ಬ ಮುಸ್ಲಿಂ ಹೆಂಗಸು ಹೀಗೆ ಬರೆದರೆ ದೇಶವೇ ತಿರುಗಿ ನೋಡುತ್ತದೆ. ನಿಮಗೆ ಅದರ ಬೆಲೆ ಗೊತ್ತಿಲ್ಲ."

ಕೊನೆಯ ಅಧ್ಯಾಯ ಬದಲಾಯಿಸದೆ ಸಹಿ ಮಾಡುವುದಿಲ್ಲ ಎಂದು ಹಸ್ತಪ್ರತಿಯನ್ನು ಮೇಜಿನ ಈಚೆಗೆ ತಳ್ಳಿದರು.

ಊರಿಗೆ ಬಂದರೆ ಇಲ್ಲಿ ಇನ್ನೊಂದು. ನಮ್ಮ ಇಸ್ಲಾಮಿನ ವಿದ್ವಾಂಸರು ಬೇರೆಯವರಿಂದ ಕದ್ದರು ಎಂದು ನಾನು ಬರೆಯುತ್ತಿದ್ದೇನೆಂದು ಯಾರೋ ಹಬ್ಬಿಸಿದ್ದಾರೆ. ಇಬ್ಬರು ಹಿರಿಯರು ಮನೆಗೆ ಬಂದು, "ಎಲ್ಲ ನಮ್ಮವರೇ ಕಂಡುಹಿಡಿದದ್ದು ಎಂದು ಬರೆ, ನಾವೇ ಅಚ್ಚು ಹಾಕಿಸುತ್ತೇವೆ" ಎಂದರು. ಉಮ್ಮ ಬಾಗಿಲ ಮರೆಯಿಂದಲೇ, "ಅವಳು ಬರೆದದ್ದು ಓದಿ ಬಂದು ಮಾತಾಡಿ. ನಾನಂತೂ ಓದಿಲ್ಲ, ಅದಕ್ಕೆ ಬಾಯಿ ಮುಚ್ಚಿ ಕೂತಿದ್ದೇನೆ" ಎಂದರು.

ಎರಡು ಕಡೆಯವರಿಗೂ ಬೇಕಾದದ್ದು ಒಂದೇ: ಉತ್ತರ ಮೊದಲು, ಹುಡುಕುವುದು ಆಮೇಲೆ. ಒಂದು ವಾಕ್ಯ ಬದಲಾಯಿಸಿದರೆ ನಾಳೆಯೇ ಡಾಕ್ಟರೇಟು. ಬದಲಾಯಿಸದಿದ್ದರೆ ಎಂಟು ವರ್ಷದ ಕೆಲಸ ಕಪಾಟಿನಲ್ಲಿ. ನಿಮ್ಮನ್ನು ಕೇಳುತ್ತಿದ್ದೇನೆ. ಏನು ಮಾಡಲಿ?

ಮುನೀರಾ


ದೇರಾ, ದುಬೈ
12 ಜುಲೈ 1982

ಮುನೀರಾ,

ನನಗೂ ಹೆಸರಿಲ್ಲದ ಎರಡು ಕಾಗದ ಬಂದಿದ್ದವು, ನಿನ್ನ ಮೇಲೆ. ಇಲ್ಲಿ ಚಹಾ ಮಾಡುವ ಸ್ಟವ್ ಹೊತ್ತಿಸಲು ಉಪಯೋಗಕ್ಕೆ ಬಂದವು. ಕರಾರಿನ ಪ್ರಕಾರ ಹೇಳಬೇಕಿತ್ತು, ಈಗ ಹೇಳಿದೆ.

ನನಗೆ ಗೊತ್ತಿರುವುದು ಬಟ್ಟೆ ಒಂದೇ. ನಮ್ಮ ಅಂಗಡಿ ಸಾಲಿನಲ್ಲಿ ಥಾನನ್ನು ಎಳೆದು ಅಳೆಯುವವರು ಇದ್ದಾರೆ. ಅಂಗಡಿಯಲ್ಲಿ ಐದು ಗಜ ಇದ್ದದ್ದು ಮನೆಯಲ್ಲಿ ಒಗೆದಾಗ ನಾಲ್ಕೂವರೆ ಆಗುತ್ತದೆ. ಗಿರಾಕಿ ಪುನಃ ಆ ಬಾಗಿಲಿಗೆ ಬರುವುದಿಲ್ಲ. ನೀನು ಎಳೆಯಬೇಡ.

ಡಾಕ್ಟರೇಟು ಇಲ್ಲದಿದ್ದರೆ ಎಂತಾಯಿತು ಎಂದು ನಾನು ಬರೆಯುವುದಿಲ್ಲ. ಅದು ನಿನಗೆ ಬೇಕು, ಸಿಗಲೂಬೇಕು. ಆದರೆ ಅವರ ಸಹಿ ಬಿಟ್ಟು ಬೇರೆ ದಾರಿ ಇದ್ದೇ ಇರುತ್ತದೆ. ಬಸ್ಸು ತಪ್ಪಿದರೆ ಕಾಪುವಿನಿಂದ ಉಡುಪಿಗೆ ನಡೆದೂ ಹೋಗಬಹುದು. ಆ ಕೊನೆಯ ಅಧ್ಯಾಯವನ್ನು, ಯಾರಿಗೂ ಸಂಬಂಧ ಇಲ್ಲದ ದೂರದವರಿಗೆ ತೋರಿಸಲಿಕ್ಕೆ ಆಗುವುದಿಲ್ಲವಾ? ಐರಿನ್ ಟೀಚರನ್ನು ಕೇಳಿ ನೋಡು.

ನೀನು ಗಟ್ಟಿಯಾಗಿ ನಿಂತಿದ್ದೀ ಎಂದು ಓದಿ ನನಗೆ ಇಡೀ ದಿನ ಅಂಗಡಿಯಲ್ಲಿ ಶಿಳ್ಳೆ ಹಾಕಬೇಕು ಅನ್ನಿಸಿತು. ಯಜಮಾನ ಸೇಠ್ ಎದುರಿಗೇ ಇದ್ದದ್ದಕ್ಕೆ ಹಾಕಲಿಲ್ಲ.

ಜಲಾಲ್


ಕಾಪು
16 ಡಿಸೆಂಬರ್ 1984

ಪ್ರೀತಿಯ ನಿಮಗೆ,

ಟೆಲಿಗ್ರಾಂ ಕೊಟ್ಟಿದ್ದೇನೆ, ಮುಟ್ಟಿರಬೇಕು. ಅದರಲ್ಲಿ ಹಿಡಿಯದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ. ಕುಳಿತು ಓದಿ.

ನೀವು ಹೇಳಿದ ಹಾಗೆ ಆ ಅಧ್ಯಾಯ ಜರ್ಮನಿಗೆ ಹೋದದ್ದು, ಹೋದ ವರ್ಷ ಅಲ್ಲಿಯ ಪತ್ರಿಕೆಯಲ್ಲಿ ಅಚ್ಚಾದದ್ದು ನಿಮಗೆ ಗೊತ್ತೇ ಉಂಟು. ಐರಿನ್ ಟೀಚರ್ ಅದರ ಪ್ರತಿ ಹಿಡಿದುಕೊಂಡು ವಿಶ್ವವಿದ್ಯಾನಿಲಯದ ಮೆಟ್ಟಿಲು ಎಷ್ಟು ಸಲ ಹತ್ತಿದರೋ! ಕೊನೆಗೆ ಗೈಡನ್ನು ಬದಲಾಯಿಸಿ ಕೊಟ್ಟರು. ಒಂದಕ್ಷರ ತಿದ್ದದೆ ಪ್ರಬಂಧ ಒಪ್ಪಿಸಿದೆ. ಮೊನ್ನೆ ಶುಕ್ರವಾರ ಬಹಿರಂಗ ಮೌಖಿಕ ಪರೀಕ್ಷೆ.

ಹತ್ತು ಹದಿನೈದು ಜನ ಇರಬಹುದು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಸಭಾಂಗಣದಲ್ಲಿ ಕೂರಲು ಜಾಗ ಇಲ್ಲ! ಮಣಿಪಾಲದ ನನ್ನ ವಿದ್ಯಾರ್ಥಿನಿಯರು ಒಂದು ವ್ಯಾನು ಮಾಡಿಕೊಂಡು ಬಂದಿದ್ದರು. ಕಾರ್ಕಳದಿಂದ ಇಂದ್ರರು ಬಂದಿದ್ದರು. ಕೆದಿಲಾಯರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮೊಮ್ಮಗಳು ಮನೋರಮಾ ಕೈಹಿಡಿದು ಕರೆತಂದಿದ್ದಳು. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು, ಪಕ್ಕದ ಕುರ್ಚಿಯಲ್ಲಿ ನಮ್ಮ ಉಮ್ಮ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅಂದೇ ಮೊದಲು.

"ಹತ್ತು ವರ್ಷ ಇವಳಿಗೆ ಬೆಳಗಿನ ರೊಟ್ಟಿ ಕೊಟ್ಟು ಕಳುಹಿಸಿದವರು ನೀವೋ?" ಎಂದು ಕೆದಿಲಾಯರು ಕೇಳಿದರು.

"ಹೊಟ್ಟೆಗೆ ನಾನು, ತಲೆಗೆ ನೀವು" ಎಂದರು ಉಮ್ಮ. ಸುತ್ತ ಇದ್ದವರೆಲ್ಲ ನಕ್ಕರು.

ನಾನು ಮಾತಾಡಿದೆ. ಜರ್ಮನಿಯ ಪರೀಕ್ಷಕರ ವರದಿಯನ್ನು ಓದಿ ಹೇಳಿದರು. ಅರಬಿ ಮತ್ತು ಸಂಸ್ಕೃತ ಎರಡನ್ನೂ ಮೂಲದಲ್ಲೇ ಓದಿ ಈ ಪ್ರಶ್ನೆಯನ್ನು ಇಷ್ಟು ಪ್ರಾಮಾಣಿಕವಾಗಿ ಎದುರಿಸಿದ ಪ್ರಬಂಧವನ್ನು ತಾವು ನೋಡಿರಲಿಲ್ಲ ಎಂದು ಬರೆದಿದ್ದರು. ಅಷ್ಟರಲ್ಲಿ ಸಭೆಯಿಂದ ಒಬ್ಬರು ಎದ್ದು ನಿಂತರು. ನನ್ನ ಹಳೆಯ ಗೈಡ್. ಅವರು ಬರುತ್ತಾರೆಂದು ನಾನು ಎಣಿಸಿಯೇ ಇರಲಿಲ್ಲ.

"ಹತ್ತು ವರ್ಷ ಹುಡುಕಿದ್ದೀರಿ," ಎಂದರು. "ಅಣುವಿನ ವಿಚಾರ ಇಲ್ಲಿಂದ ಅಲ್ಲಿಗೆ ಹೋಯಿತೇ, ಇಲ್ಲವೇ? ಹೌದು ಅಥವಾ ಇಲ್ಲ, ಒಂದೇ ಮಾತಿನಲ್ಲಿ ಹೇಳಿ."

ನಾನು ಹೇಳಿದೆ: "ಸಾರ್, ಒಂದೇ ಊರಿನಲ್ಲಿ ಅವರೂ ಇವರೂ ಇದ್ದರು ಎಂಬಲ್ಲಿಯ ತನಕ ನನ್ನ ಆಧಾರ ಹೋಗುತ್ತದೆ. ಅಲ್ಲಿಂದ ಮುಂದೆ ಹೋಗುವುದಿಲ್ಲ. ಅದು ಎಲ್ಲಿ ನಿಂತಿತೋ ಅಲ್ಲಿ ನಾನೂ ನಿಂತೆ. ಹೌದು ಎಂದರೆ ಒಬ್ಬರು ಚಪ್ಪಾಳೆ ತಟ್ಟುತ್ತಾರೆ, ಇಲ್ಲ ಎಂದರೆ ಇನ್ನೊಬ್ಬರು. ಎರಡು ಚಪ್ಪಾಳೆಯೂ ನನ್ನದಲ್ಲ. ನನಗೆ ಸಿಕ್ಕಿದ್ದು ಅದಕ್ಕಿಂತ ದೊಡ್ಡದು. ಮೂರು ಕಡೆಯವರು, ಮೂರು ಭಾಷೆಯಲ್ಲಿ, ಒಡೆಯುತ್ತ ಹೋದರೆ ಕೊನೆಗೆ ಏನು ಉಳಿಯುತ್ತದೆ ಎಂದು ಕೇಳಿದರು. ಮೂವರೂ ಪಕ್ಕದವನ ಉತ್ತರವನ್ನು ನಕಲು ಮಾಡದೆ ತಮ್ಮದೇ ಉತ್ತರ ಕೊಟ್ಟರು. ಅದನ್ನು ನಾನು ಸಾಲು ಸಾಲಾಗಿ ತೋರಿಸಬಲ್ಲೆ. ನಾಳೆ ಯಾವುದಾದರೂ ಹಳೆಯ ಗ್ರಂಥ ಸಿಕ್ಕಿ ನಾನು ನಿಂತಲ್ಲಿಂದ ಮುಂದೆ ದಾರಿ ಕಂಡರೆ, ಆ ದಾರಿಯಲ್ಲಿ ಮೊದಲು ನಡೆಯುವವಳು ನಾನೇ."

ಅವರು, "ನನ್ನ ಪ್ರಶ್ನೆ ಮುಗಿಯಿತು" ಎಂದು ಕುಳಿತರು. ಮೊದಲು ಚಪ್ಪಾಳೆ ತಟ್ಟಿದ್ದು ಕೆದಿಲಾಯರು. ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ಕೇಳಲಿಲ್ಲ. ಐರಿನ್ ಟೀಚರ್ ನನ್ನನ್ನು ತಬ್ಬಿಕೊಂಡು ನನ್ನ ಕಿವಿಯನ್ನೇ ಮುಚ್ಚಿಬಿಟ್ಟಿದ್ದರು. ಆಸ್ಯಾ ಕುರ್ಚಿಯ ಮೇಲೆ ಹತ್ತಿ ನಿಂತು, "ನನ್ನ ಉಮ್ಮ! ನನ್ನ ಉಮ್ಮ!" ಎಂದು ಕೂಗುತ್ತಿದ್ದಳು.

ಆ ಇಬ್ಬರು ಹಿರಿಯರೂ ನಿನ್ನೆ ಮನೆಗೆ ಬಂದು ಹೋದರು. ಜರ್ಮನಿಯವರು ಹೊಗಳಿದ ಮೇಲೆ ನಾನು ಊರಿಗೆ ಹೆಮ್ಮೆಯಂತೆ. ಉಮ್ಮ ಚಹಾ ಕೊಟ್ಟು, "ಈಗಲಾದರೂ ಓದಿದಿರಾ?" ಎಂದು ಕೇಳಿದರು.

ಸುದ್ದಿ ಇನ್ನೂ ಉಂಟು. ಬರುವ ಜೂನಿನಿಂದ ನಮ್ಮ ಕಾಲೇಜಿನಲ್ಲಿ ವಿಜ್ಞಾನದ ಮತ್ತು ತತ್ತ್ವಶಾಸ್ತ್ರದ ಇತಿಹಾಸ ಎಂಬ ಹೊಸ ವಿಷಯ ಶುರುವಾಗುತ್ತದೆ. ಅದನ್ನು ಕಲಿಸಲು ನನ್ನನ್ನು ಖಾಯಂ ಮಾಡಿದ್ದಾರೆ. ಉಡುಪಿಯ ಒಬ್ಬರು ಪ್ರಕಾಶಕರು ಪ್ರಬಂಧವನ್ನು ಕನ್ನಡದಲ್ಲಿ ಬರೆದುಕೊಡಲು ಕೇಳಿದ್ದಾರೆ. ಜರ್ಮನಿಯಿಂದ ಉಪನ್ಯಾಸಕ್ಕೆ ಕರೆಯೂ ಬಂದಿದೆ.

ಈಗ ನನ್ನದೊಂದು ಮಾತು. ನನ್ನ ಪರವಾಗಿ ನೀವು ಒಮ್ಮೆ ತೀರ್ಮಾನ ಮಾಡಿದಿರಿ ಎಂದು ನಾನು ಸಿಟ್ಟಾಗಿದ್ದೆ. ನಾನು ನಿಮ್ಮ ಪರವಾಗಿ ತೀರ್ಮಾನ ಮಾಡುವುದಿಲ್ಲ, ಕೇಳುತ್ತೇನೆ. ಹತ್ತು ವರ್ಷ ಸಾಕಾಗಲಿಲ್ಲವೇ? ನನ್ನ ಸಂಬಳದಲ್ಲಿ ಮನೆ ನಡೆಯುತ್ತದೆ. ಕಾಪು ಪೇಟೆಯಲ್ಲಿ ನೀವು ಬಟ್ಟೆಯಂಗಡಿ ಇಡಿ, ಇಡದಿದ್ದರೂ ಸರಿ. ಆಸ್ಯಾ ನಿಮ್ಮನ್ನು ಫೋಟೋದಲ್ಲಿ ಗುರುತಿಸುತ್ತಾಳೆ, ಬಾಗಿಲಲ್ಲಿ ಗುರುತಿಸಲಿ.

ಬನ್ನಿ.

ಮುನೀರಾ


ದೇರಾ, ದುಬೈ
5 ಜನವರಿ 1985

ಡಾಕ್ಟ್ರೇ,

ನಿಮ್ಮ ಟೆಲಿಗ್ರಾಂ ಬಂದ ದಿನ ಸೇಠ್ ಎದುರಿಗೇ ಶಿಳ್ಳೆ ಹಾಕಿದೆ. ಅವರು ಬೈಯಲಿಲ್ಲ. ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಅದನ್ನು ತೋರಿಸಿದೆ. ಒಬ್ಬ ಪಠಾಣ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಯಾರು ಸತ್ತರು ಎಂದು ಕೇಳಿದ. ಅವನ ಊರಿಗೆ ಟೆಲಿಗ್ರಾಂ ಬರುವುದು ಅದಕ್ಕೆ ಮಾತ್ರ ಅಂತೆ. ಹೆಂಡತಿ ಡಾಕ್ಟರ್ ಆದಳು ಎಂದೆ. ಅವನು ನನ್ನನ್ನು ಎತ್ತಿಯೇ ಬಿಟ್ಟ.

ಕಾಗದ ಬಂದದ್ದು ನಿನ್ನೆ. ರೂಮಿನಲ್ಲಿ ಊಟಕ್ಕೆ ಕುಳಿತಿದ್ದೆವು. ನಿನ್ನ ಸಭೆಯ ಸಂಗತಿಯನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ. ಪ್ರೊಫೆಸರ್ ಪ್ರಶ್ನೆ ಕೇಳಿದಲ್ಲಿ ನಿಲ್ಲಿಸಿ ನೀರು ಕುಡಿದದ್ದಕ್ಕೆ ಉಸ್ಮಾನ್, "ಬೇಗ ಓದು ಮಾರಾಯ, ಅನ್ನ ಗಂಟಲಲ್ಲಿ ಉಂಟು" ಎಂದ. ನಿನ್ನ ಉತ್ತರ ಓದಿದಾಗ ಎಲ್ಲರೂ ತಟ್ಟೆ ಬಡಿದರು. ಅದೇ ಭರದಲ್ಲಿ ಕೊನೆಯ ತನಕ ಓದಿಬಿಟ್ಟೆ. ಕೊನೆಯದು ನನಗೊಬ್ಬನಿಗೆ ಬರೆದದ್ದು ಎಂದು ತಿಳಿಯುವಷ್ಟರಲ್ಲಿ ಬಾಯಿಂದ ಹೋಗಿ ಆಗಿತ್ತು.

ಎಲ್ಲರೂ ತಮಾಷೆ ಮಾಡುತ್ತಾರೆ ಎಂದುಕೊಂಡೆ. ಆದರೆ ಉಸ್ಮಾನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಇನ್ನೊಮ್ಮೆ ಓದು" ಎಂದ. ಓದಿದೆ.

ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ. ಇಷ್ಟು ಹೇಳುತ್ತೇನೆ. ನಾನು ಕೇಳದೆ ಮಾಡಿದ್ದನ್ನು ನೀನು ಕೇಳಿ ಮಾಡಿದ್ದೀ. ನನ್ನ ಉತ್ತರ ಬರುತ್ತೇನೆ ಎಂದು. ಬಾರದಿದ್ದರೆ ತಪ್ಪಾಗುತ್ತದೆ ಎಂದಲ್ಲ, ಆಸೆಯಿಂದಲೇ ಬರುವುದು. ಫೆಬ್ರವರಿ ಕೊನೆಗೆ ಬೊಂಬಾಯಿ, ಅಲ್ಲಿಂದ ಬಸ್ಸು.

ಇವತ್ತು ಬೆಳಿಗ್ಗೆ ಸೇಠ್ ಹತ್ತಿರ ಹೋಗಿ ಕೆಲಸ ಬಿಡುತ್ತೇನೆ ಎಂದೆ. ಸಂಬಳ ಸಾಲದೇ, ಬೇರೆ ಅಂಗಡಿಯವರು ಕರೆದರೇ ಎಂದು ಕೇಳಿದರು. "ಇಲ್ಲ ಸೇಠ್, ಮನೆಯಿಂದ ಕರೆದಿದ್ದಾರೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಉಸ್ಮಾನನಿಗೆ ಆಯಿತು. ಅವನು ನನ್ನ ಹೆಗಲ ಮೇಲೆ ಕೈಹಾಕಿ, "ಇಲ್ಲಿ ನಮಗೆಲ್ಲ ಮನೆಯಿಂದ ಬರುವ ಕಾಗದದ ಕೊನೆಗೆ 'ಹಣ ಕಳುಹಿಸಿ' ಎಂದು ಇರುತ್ತದೆ. 'ಬನ್ನಿ' ಎಂದು ಬಂದದ್ದು ನಿನಗೊಬ್ಬನಿಗೆ ಮಾರಾಯ" ಎಂದ.

ಜಲಾಲ್